ರುಮಾಲು ಸುತ್ತಿದ ಶಾಲೆ

ಮೌಲಾಸಾಬ್ ಮಾಸ್ತರರು ನಮ್ಮ ಕಚೇರಿಗೆ ಬಂದಾಗ ನಾನು ಅವರ ಹೊಸ ಶಾಲೆಯ ನಕ್ಷೆಗೆ ಸಹಿ ಹಾಕಿ ಎರಡು ದಿನವಾಗಿತ್ತು. ಪುರಸಭೆಯ ಮೊಹರೂ ಬಿದ್ದಿತ್ತು. ಅವರು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಮಾತ್ರ ಬೇರೆಯೇ.

“ಅನಸೂಯಾ ಅಕ್ಕಾರ, ಬುನಾದಿ ತೋಡಾಕ ಇನ್ನ ನಾಕ ತಿಂಗಳ ಐತಿ. ಅಲ್ಲೀತನಕ ವಾರಕ್ಕೊಮ್ಮೆ ನಮ್ಮ ಸಾಲಿಗೆ ಬರ್ರಿ. ಮನಿ ಅಂದ್ರ ಏನು, ಅದನ್ನ ಹೆಂಗ ಯೋಚನೆ ಮಾಡ್ತಾರ ಅಂತ ಹುಡುಗರಿಗೆ ಹೇಳಿಕೊಡ್ರಿ.”

“ಮೂರನೇ ಕ್ಲಾಸಿನ ಹುಡುಗರಿಗಾ?” ಎಂದು ನಾನು ನಕ್ಕೆ.

“ಅವರೇ ಅಲ್ಲೇನ್ರಿ ಅದರಾಗ ಕೂಡೂದು?” ಎಂದರು ಮಾಸ್ತರರು.

ನಮ್ಮ ಊರಿನಲ್ಲಿ ಕಟ್ಟಡಗಳು ವರ್ಷಕ್ಕೊಂದು ಗೇಣು ಇಳಿಯುತ್ತವೆ. ದೀಪಾವಳಿ ಮುಗಿದ ಮೇಲಿನ ವಾರ, ಒಂದು ಮಧ್ಯಾಹ್ನ, ಪಾತ್ರೆಗಳು ಸಣ್ಣಗೆ ಸದ್ದು ಮಾಡುತ್ತವೆ. ಊರಿನ ಎಲ್ಲ ಗೋಡೆಗಳೂ ಒಟ್ಟಿಗೆ ನೆಲದೊಳಕ್ಕೆ ಸರಿದು ನಿಲ್ಲುತ್ತವೆ. ಮರ, ಬಾವಿಕಟ್ಟೆ, ರಸ್ತೆ ಇದ್ದಲ್ಲೇ ಇರುತ್ತವೆ. ಮಾರನೆಯ ದಿನದಿಂದ ಗೌಂಡಿಗಳಿಗೆ ಪುರಸೊತ್ತಿಲ್ಲ. ಬಾಗಿಲ ಚೌಕಟ್ಟು ಬಿಚ್ಚಿ, ಮೇಲಿನ ಗೋಡೆ ಒಡೆದು, ಚೌಕಟ್ಟನ್ನು ಒಂದು ಗೇಣು ಎತ್ತಿ ಕೂರಿಸಿ, ಒಳಗಿನ ನೆಲಕ್ಕೆ ಅಷ್ಟೇ ಮಣ್ಣು ತುಂಬುತ್ತಾರೆ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಸೂರನ್ನೂ ಎತ್ತಬೇಕಾಗುತ್ತದೆ. ನಾನು ಅಂಬೆಗಾಲಿಟ್ಟ ನೆಲ ಈಗ ನನ್ನ ಮಂಚದ ಕೆಳಗೆ ಐದಾಳು ಆಳದಲ್ಲಿದೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಮೊದಲು ಹೊಸ್ತಿಲನ್ನು ನೋಡುತ್ತಾರೆ. ಹೊಸ್ತಿಲು ರಸ್ತೆಗೆ ಸಮವಾಗಿದ್ದರೆ ಮನೆಯಲ್ಲಿ ದುಡಿಯುವ ಕೈ ಇದೆ ಎಂದು ಅರ್ಥ.

ಇಂಥ ಊರಿನಲ್ಲಿ ಆರ್ಕಿಟೆಕ್ಟ್ ಆಗಿರುವುದು ಸುಲಭವಲ್ಲ. ಹನ್ನೆರಡು ವರ್ಷದ ಹಿಂದೆ ನಾನೂ ನನ್ನ ಜೊತೆಗಾರ ಪ್ರಭುರಾಜನೂ ಊರಿಗೊಂದು ಗ್ರಂಥಾಲಯ ಕಟ್ಟಿದ್ದೆವು. ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು ನಾವು. ಹುಮ್ಮಸ್ಸು ಬಹಳ ಇತ್ತು. ಗ್ರಂಥಾಲಯಕ್ಕೆ ಒಂದೇ ಕಲ್ಲಿನಲ್ಲಿ ಕೆತ್ತಿದ ದೊಡ್ಡ ದ್ವಾರ ಮಾಡಿಸಿದೆವು. ನೋಡಿದವರೆಲ್ಲ ಹೊಗಳಿದರು. ಆದರೆ ಆ ಕಲ್ಲನ್ನು ಎತ್ತಲು ಯಾವ ಗೌಂಡಿಯಿಂದಲೂ ಆಗಲಿಲ್ಲ. ಆರನೇ ವರ್ಷಕ್ಕೆ ಜನ ಬಗ್ಗಿ ಒಳಗೆ ಹೋಗತೊಡಗಿದರು, ಎಂಟನೇ ವರ್ಷ ಹೋಗುವುದನ್ನೇ ಬಿಟ್ಟರು. ಅದಕ್ಕೆ ‘ಅನಸೂಯಾನ ಬಿಲ’ ಎಂದು ಹೆಸರು ಬಿತ್ತು. ಅಲ್ಲಿಂದಾಚೆ ನಮಗೆ ಸಿಕ್ಕಿದ್ದು ಹಿತ್ತಲ ಕೋಣೆ, ದನದ ಕೊಟ್ಟಿಗೆ ಅಷ್ಟೇ. ಈ ಶಾಲೆ ನಮ್ಮ ಪಾಲಿಗೆ ಎರಡನೇ ಸಲ ಸಿಕ್ಕ ಅವಕಾಶ. ಹಾಗಾಗಿ ಮಾಸ್ತರರಿಗೆ ಇಲ್ಲ ಎನ್ನಲಾಗಲಿಲ್ಲ.

ಮೊದಲ ದಿನ ನಾನು ಹಲಗೆಯ ಮೇಲೆ ಅಚ್ಚುಕಟ್ಟಾಗಿ ನಕ್ಷೆ ಬರೆದು, ಇದು ಗೋಡೆ, ಇದು ಕಿಟಕಿ ಎಂದು ಅರ್ಧ ಗಂಟೆ ಹೇಳಿದೆ. ಇಪ್ಪತ್ತಾರು ಮಕ್ಕಳು. ಹತ್ತು ನಿಮಿಷಕ್ಕೆ ಹಿಂದಿನ ಸಾಲು ಆಕಳಿಸಿತು, ಹದಿನೈದಕ್ಕೆ ಮುಂದಿನ ಸಾಲು. ಜೊತೆಗೆ ಬಂದಿದ್ದ ಪ್ರಭುರಾಜ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, “ಎಲ್ಲಾರೂ ನಿಮ್ಮ ನಿಮ್ಮ ಮನಿ ಚಿತ್ರ ತೆಗೀರಿ ನೋಡೂಣು” ಎಂದ.

ಎಲ್ಲರೂ ಗೋಡೆ, ಸೂರು, ಹೊಗೆ ಬರೆದರು. ಎರಡನೇ ಸಾಲಿನ ಒಬ್ಬ ಹುಡುಗಿ ಮಾತ್ರ ಮೂರು ಮೆಟ್ಟಿಲು ಬರೆದು, ಅದರ ಕೆಳಗೆ ರುಮಾಲು ಸುತ್ತಿದ ಒಬ್ಬ ಮುದುಕನನ್ನು ಕೂರಿಸಿದ್ದಳು. ಎರಡು ಜಡೆ, ಮುಂಗೈಗೆಲ್ಲ ಶಾಯಿ. ಹೆಸರು ಕಸ್ತೂರಿ.

“ಇದರಾಗ ಮನಿ ಎಲ್ಲೈತಿ?” ಎಂದು ಕೇಳಿದೆ.

“ಇದ ಮನಿ, ಅಕ್ಕಾರ. ಅಜ್ಜ ಕುಂತಾನಲ್ಲ.”

ಮಾಸ್ತರರು ಆಮೇಲೆ ಹೇಳಿದರು. ಅವಳ ಅಜ್ಜ ದುಂಡಪ್ಪ ನಲವತ್ತು ವರ್ಷ ಬಾಗಿಲು ಎತ್ತಿದ ಗೌಂಡಿ. ಊರಿನ ಅರ್ಧ ಹೊಸ್ತಿಲುಗಳು ಅವನ ಕೈಯವು. ಮೂರು ವರ್ಷದಿಂದ ಕೆಲಸ ಬಿಟ್ಟಿದ್ದಾನೆ. ತನ್ನ ಮನೆಯ ಬಾಗಿಲನ್ನೂ ಎತ್ತಿಲ್ಲ, ಬೇರೆಯವರಿಗೆ ಮುಟ್ಟಲೂ ಬಿಡುವುದಿಲ್ಲ. ರಸ್ತೆಗೆ ಬರಬೇಕಾದರೆ ಮೂರು ಮೆಟ್ಟಿಲು ಹತ್ತಬೇಕು, ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಹೊರಗೇ ಬಂದಿಲ್ಲ.

ಎರಡನೇ ವಾರದಿಂದ ನಾವು ಹಲಗೆ ಬಿಟ್ಟು ಬೀದಿಗೆ ಇಳಿದೆವು. ಅಳತೆಪಟ್ಟಿ ಕೊಡಲಿಲ್ಲ. “ನಿಮ್ಮ ಮೈಯಿಂದನ ಅಳೀರಿ” ಎಂದ ಪ್ರಭುರಾಜ. ಮಕ್ಕಳು ಗೇಣು ಹಾಕಿದರು, ಮೊಳ ಹಾಕಿದರು, ಕಿಟಕಿಯ ಕೆಳಗೆ ನಿಂತು ಮೂಗು ಎಲ್ಲಿಗೆ ಬರುತ್ತದೆ ಎಂದು ಬರೆದುಕೊಂಡರು. ಸಂತೆಪೇಟೆಯ ಓಣಿಯಲ್ಲಿ ನಲವತ್ತೊಂದು ಬಾಗಿಲುಗಳಿದ್ದವು. ಅದರಲ್ಲಿ ರಸ್ತೆಗೆ ಸಮ ಇದ್ದದ್ದು ಎಂಟು. ನಾನು ದಿನಾ ಅದೇ ಓಣಿಯಲ್ಲಿ ಓಡಾಡುತ್ತಿದ್ದವಳು; ಎಣಿಸಿರಲಿಲ್ಲ. ಬಾಗಿಲ ಒಳಗಿದ್ದವರು ಮಕ್ಕಳನ್ನು ನೋಡಿ ಮಾತಿಗೆ ಬಂದರು. ಒಬ್ಬಾಕೆ ನೀರಿನ ಕೊಡ ಹೊತ್ತು ಎರಡು ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದಿಡಬೇಕು ಎಂದು ತೋರಿಸಿಕೊಟ್ಟಳು. ಒಬ್ಬ ಬಾಣಂತಿ, ತೊಟ್ಟಿಲು ಹೊರಗೆ ತರಲಾಗದೆ ಮಗು ಇನ್ನೂ ಬಿಸಿಲು ಕಂಡಿಲ್ಲ ಎಂದಳು. ಮಕ್ಕಳು ಎಲ್ಲವನ್ನೂ ಬರೆದುಕೊಂಡರು. ಕಾಗುಣಿತ ತಪ್ಪಿತ್ತು, ಲೆಕ್ಕ ಸರಿಯಿತ್ತು.

ಆರನೇ ವಾರ ನಾನು ನಮ್ಮ ಶಾಲೆಯ ರಟ್ಟಿನ ಮಾದರಿ ತಂದೆ. ಹದಿನೈದು ದಿನ ಕೂತು ಮಾಡಿದ್ದು. ಎರಡು ಅಂತಸ್ತು, ಅಗಲವಾದ ಕಿಟಕಿಗಳು, ಎತ್ತರದ ಕಟ್ಟೆ, ಬಾಗಿಲಿಗೆ ಐದು ಮೆಟ್ಟಿಲು. ನನಗೆ ಹೆಮ್ಮೆಯಿದ್ದದ್ದು ಆ ಮೆಟ್ಟಿಲುಗಳ ಬಗ್ಗೆ. ವರ್ಷಕ್ಕೊಂದು ಮೆಟ್ಟಿಲು ನೆಲಕ್ಕೆ ಸೇರಿದರೂ ಐದು ವರ್ಷ ಬಾಗಿಲು ಎತ್ತುವ ತಾಪತ್ರಯವಿಲ್ಲ. ಮಕ್ಕಳು ಸುತ್ತ ನೆರೆದು ಬೆರಗಾಗಿ ನೋಡಿದರು. ಕಸ್ತೂರಿ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

“ಅಕ್ಕಾರ, ಐದ ವರ್ಷ ಹತ್ತಬೇಕು. ಆಮ್ಯಾಲ ಇಳೀಬೇಕು. ಸಮ ಇರೂದು ಒಂದ ವರ್ಷ ಅಷ್ಟ, ಹೌದಲ್ರಿ?”

ನಾನೂ ಬೆರಳು ಮಡಚಿ ಎಣಿಸಿದೆ. ಹನ್ನೆರಡು ವರ್ಷ ಕಾದು ಬರೆದ ನಕ್ಷೆ ಒಂದೇ ಒಂದು ವರ್ಷಕ್ಕೆ ಸರಿಯಾಗಿತ್ತು. ಮೌಲಾಸಾಬ್ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಅವರಿಗೆ ಇದು ಮೊದಲೇ ಗೊತ್ತಿತ್ತೋ ಏನೋ, ನಾನು ಇವತ್ತಿಗೂ ಕೇಳಿಲ್ಲ.

“ಹಂಗಾದ್ರ ಯಾವಾಗ್ಲೂ ಸಮ ಇರೂವಂಥಾ ಬಾಗಲಾ ನೀವ ಮಾಡಿ ತೋರಸ್ರಿ” ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಒಪ್ಪಿಕೊಳ್ಳುತ್ತೇನೆ.

ಮುಂದಿನ ವಾರ ಕುಂಬಾರ ಓಣಿಯಿಂದ ಒಂದು ಬುಟ್ಟಿ ಮಣ್ಣು ತರಿಸಿ, ಶಾಲೆಯ ಅಂಗಳದ ಮರಳಿನ ಗುಡ್ಡೆಯ ಸುತ್ತ ಮಕ್ಕಳನ್ನು ಕೂರಿಸಿದೆವು. ಕಟ್ಟಡ ಮಾಡಬೇಕು, ಮರಳಿನಲ್ಲಿ ಒತ್ತಿ ಇಳಿಸಬೇಕು, ಬಾಗಿಲು ಸಮ ಉಳಿಯಬೇಕು. ಒಬ್ಬ ಗೋಡೆಯ ತುಂಬ ಮೇಲಿಂದ ಕೆಳಗಿನವರೆಗೆ ಬಾಗಿಲು ಕೊರೆದ, ಗೋಡೆ ಕುಸಿಯಿತು. ಇಬ್ಬರು ಹುಡುಗಿಯರು ಶಾಲೆಯನ್ನು ಬೇವಿನ ಮರಕ್ಕೆ ಹಗ್ಗದಿಂದ ನೇತುಹಾಕಿದರು. ಮತ್ತೊಬ್ಬ ಬಾಗಿಲನ್ನು ಸೂರಿನ ಮೇಲಿಟ್ಟು, ಅಲ್ಲಿಯವರೆಗೆ ಹೇಗೆ ಹೋಗುವುದು ಎಂದಾಗ, “ಅದನ್ನ ನಾಳೆ ಹೇಳತೀನಿ” ಎಂದ. ಪ್ರಭುರಾಜ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

ಕಸ್ತೂರಿ ಏನೂ ಮಾಡಲಿಲ್ಲ. ಮಾರನೆಯ ವಾರ ಬರುವಾಗ ಚೀಲದಲ್ಲಿ ಒಂದು ಗಡಿಗೆ, ಅಜ್ಜನ ಹಳೆಯ ರುಮಾಲು ತಂದಳು. ಗಡಿಗೆಯನ್ನು ಬೋರಲು ಹಾಕಿ, ರುಮಾಲನ್ನು ಹುರಿಮಾಡಿ, ಬುಡದಿಂದ ಶುರುಮಾಡಿ ಓರೆಯಾಗಿ ಮೇಲಕ್ಕೆ ಸುತ್ತಿದಳು. ಒಂದೂವರೆ ಸುತ್ತು ಬಂತು. ಆಮೇಲೆ ಎರಡೂ ಕೈಯಿಂದ ಗಡಿಗೆಯನ್ನು ಮರಳಿಗೆ ಒತ್ತಿದಳು. ರುಮಾಲಿನ ತುದಿ ಮುಳುಗಿತು. ಆದರೆ ಅದರ ಪಕ್ಕದಲ್ಲೇ, ಸ್ವಲ್ಪ ಮುಂದೆ, ರುಮಾಲು ಮರಳಿಗೆ ಸಮವಾಗಿ ಕೂತಿತ್ತು. ಇನ್ನಷ್ಟು ಒತ್ತಿದಳು. ಇನ್ನಷ್ಟು ಮುಂದೆ ಸಮವಾಯಿತು.

“ರುಮಾಲ ಅಂದ್ರ ಹಾದಿ. ಅದು ಮುಗಿಯೂತನಕ ಎಲ್ಲಾದ್ರೂ ಒಂದ ಕಡೆ ಸಮ ಇರತೈತಿ, ಅಕ್ಕಾರ. ಅಲ್ಲೇ ಹತ್ತೂದು. ಮೆಟ್ಟಲಾ ಬ್ಯಾಡ.”

ಪ್ರಭುರಾಜ ಮಂಡಿಯೂರಿ ಕೂತು, ತಾನೇ ಗಡಿಗೆಯನ್ನು ಎತ್ತಿ ಮತ್ತೆ ಮತ್ತೆ ಒತ್ತಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನಮ್ಮಿಬ್ಬರಿಗೂ ಒಂದೇ ವಿಷಯ ಹೊಳೆದಿತ್ತು: ಇದು ಸರಿ, ನಮ್ಮದು ತಪ್ಪು.

ಅವತ್ತು ಸಂಜೆ ಕಚೇರಿಯಲ್ಲಿ ನಾವು ಜಗಳವಾಡಿದೆವು.

“ಮೊಹರು ಬಿದ್ದ ನಕ್ಷೆ ವಾಪಸ್ ತಗೊಂಡ್ರ ನಾಳೆ ನಮಗ ಕೋಳಿಗೂಡೂ ಯಾರೂ ಕೊಡೂದಿಲ್ಲ” ಎಂದ ಪ್ರಭುರಾಜ. “ಒಂದ ಸಲ ಬಿದ್ದೀವಿ. ಈ ಸಲ ಗೊತ್ತಿದ್ದದ್ದನ್ನ ಕಟ್ಟೋಣು. ಎಲ್ಲಾರ ಹಂಗ ಐದ ವರ್ಷ ನಡೀತೈತಿ, ಆಮ್ಯಾಲ ಎಲ್ಲಾರ ಹಂಗ ಎತ್ತತಾರ.”

“ಆ ಹುಡುಗಿ ಮುಖಾ ಹೆಂಗ ನೋಡ್ತಿ?”

ಅವನು ಪೆನ್ಸಿಲು ಕಡಿಯುತ್ತ ಕೂತಿದ್ದ. ಆಮೇಲೆ ಒಂದು ಹಾಳೆ ಎಳೆದುಕೊಂಡು ದುಂಡಗೆ ಗೆರೆ ಎಳೆದ. ಸುತ್ತಳತೆ ಇಷ್ಟು, ಇಳಿಜಾರು ಇಷ್ಟು ಎಂದು ಗೊಣಗಿಕೊಂಡು ಲೆಕ್ಕ ಹಾಕಿ, “ವರ್ಷಕ್ಕ ಮೂರು ಮಾರು ಮುಂದ ಹೋಗತೈತಿ. ಒಂದ ಸುತ್ತಿಗೆ ಹದಿಮೂರು ವರ್ಷ” ಎಂದ. ಅವನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಲೆಕ್ಕ ಸಿಕ್ಕರೆ ಅವನು ಹಾಗೆಯೇ.

ಆದರೆ ಲೆಕ್ಕ ಒಂದು ಕಡೆ ತೊಡಕಿತು. ಹಾದಿಯ ಭಾರಕ್ಕೆ ಕಟ್ಟಡ ಓರೆಯಾಗಿ ಇಳಿದರೆ ಏನು ಗತಿ? ನಮ್ಮ ಊರಿನ ನೆಲ ಹೇಗೆ ಎಳೆದುಕೊಳ್ಳುತ್ತದೆ ಎಂದು ಯಾವ ಪುಸ್ತಕದಲ್ಲೂ ಇಲ್ಲ. ಅದು ಗೌಂಡಿಗಳ ಕೈಗೆ ಗೊತ್ತು. ನಾನು ಗಡಿಗೆ ರುಮಾಲು ಎತ್ತಿಕೊಂಡು ದುಂಡಪ್ಪನ ಮನೆಗೆ ಹೋದೆ.

ಮೂರು ಮೆಟ್ಟಿಲು ಇಳಿದು ಒಳಗೆ ಕಾಲಿಟ್ಟೆ. ದುಂಡಪ್ಪ ಕಂಬಕ್ಕೆ ಒರಗಿ ಕೂತಿದ್ದ. ಎದ್ದು ನಿಲ್ಲಲು ಹೋದವನನ್ನು ಕೂರಿಸಿದೆ. ಕಸ್ತೂರಿ ನೀರು ತಂದುಕೊಟ್ಟು ಅಜ್ಜನ ಪಕ್ಕ ಕೂತಳು. ನಾನು ಗಡಿಗೆಯನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ. ಅವನು ಗಡಿಗೆಯನ್ನು ಮುಟ್ಟಲಿಲ್ಲ.

“ನಿಮ್ಮ ಈ ಸಾಲಿ ಆತಂದ್ರ ಬಾಗಲಾ ಎತ್ತೂ ಕೆಲಸ ಇರೂದಿಲ್ಲ. ಗೌಂಡಿ ಮಕ್ಕಳು ಏನ ತಿನ್ನಬೇಕ್ರಿ, ಬಾಯಾರ?”

“ಹಾದಿ ಕಟ್ಟಾಕ, ಹದಿಮೂರ ವರ್ಷಕ್ಕೊಮ್ಮೆ ಮ್ಯಾಲೊಂದು ಸುತ್ತು ಏರಸಾಕ ಗೌಂಡೀನ ಬೇಕು. ಊರಾಗ ಎತ್ತೂ ಬಾಗಲಾ ಇನ್ನೂ ಐನೂರ ಅದಾವು” ಎಂದೆ. ಆಮೇಲೆ ಧೈರ್ಯ ಮಾಡಿ, “ನೀವು ಯಾಕ ಬಿಟ್ರಿ?” ಎಂದು ಕೇಳಿದೆ.

ಅವನು ಕಸ್ತೂರಿಯನ್ನು ಮತ್ತೆ ನೀರು ತರಲು ಕಳಿಸಿದ. ನನ್ನ ಲೋಟ ತುಂಬಿಯೇ ಇತ್ತು.

“ಮೂರ ವರ್ಷದ ಹಿಂದ ಸಾಲಿ ಬಾಗಲಾ ನಾನ ಎತ್ತಿದ್ದೆ” ಎಂದ, ದನಿ ಇಳಿಸಿ. “ಚೌಕಟ್ಟು ಕೈ ಜಾರಿತು. ಕೆಳಗ ಹುಡುಗರು ನೋಡಾಕ ನಿಂತಿದ್ರು. ಈಕೀನೂ ಇದ್ಲು, ಐದ ವರ್ಷದಾಕಿ. ಈಕಿ ಕೈಯಾಗಿನ ಬರಿಯೂ ಪಾಟಿ ಪುಡಿ ಆತು. ಈಕಿಗೆ ಏನೂ ಆಗಲಿಲ್ಲ. ಒಂದ ಗೇಣು. ಒಂದ ಗೇಣಿನಾಗ ತಪ್ಪಿತ್ರಿ. ಅವತ್ತಿಂದ ಚೌಕಟ್ಟು ನೋಡಿದ್ರ ಕೈ ನಡಗತಾವು. ಮೊಣಕಾಲು ಅಂತ ಎಲ್ಲಾರಿಗೂ ಹೇಳೀನಿ.”

ಕಸ್ತೂರಿ ನೀರು ತಂದಳು. ದುಂಡಪ್ಪ ಗಡಿಗೆಯನ್ನು ತನ್ನ ಕಡೆ ಎಳೆದುಕೊಂಡು ರುಮಾಲಿನ ಮೇಲೆ ಹೆಬ್ಬೆರಳು ಆಡಿಸಿದ. ಹಾದಿಯ ಕೊನೆಗೆ ಬಂದಾಗ ನಿಲ್ಲಿಸಿದ.

“ಇಲ್ಲಿ ತಪ್ಪೈತಿ. ಒಂದೂವರಿ ಸುತ್ತು ಹಾಕೀಯವ್ವ. ಈ ಅರ್ಧಕ್ಕ ಎರಡ ಪದರ, ಆ ಅರ್ಧಕ್ಕ ಒಂದ ಪದರ. ಓರೆ ಇಳೀತೈತಿ. ರುಮಾಲು ಒಂದ ಕಡೆ ದಪ್ಪಾದ್ರ ತಲೀ ವಾಲತೈತೋ ಇಲ್ಲೋ? ಸುತ್ತು ಎಲ್ಲಿ ಶುರು ಆತೋ, ಸರಿಯಾಗಿ ಅದರ ನೆತ್ತಿಮ್ಯಾಲ ಬಂದು ಮುಗೀಬೇಕು.”

ಬಿಚ್ಚಿ, ತಾನೇ ಸುತ್ತತೊಡಗಿದ. ಬೆರಳು ನಡುಗುತ್ತಿದ್ದವು, ಸುತ್ತು ಮಾತ್ರ ಬಿಗಿಯಾಗಿತ್ತು. “ಹಿಂಗ” ಎಂದ. ಕಸ್ತೂರಿ ಬಗ್ಗಿ ನೋಡಿ, “ಹಿಂಗ” ಎಂದಳು.

ನಾನು ಮೊಹರು ಬಿದ್ದ ನಕ್ಷೆಯನ್ನು ಹಿಂದಕ್ಕೆ ಪಡೆಯುವ ಅರ್ಜಿ ಕೊಟ್ಟಾಗ ಪುರಸಭೆಯಲ್ಲಿ ಗದ್ದಲವಾಯಿತು. ಸಭೆ ಕರೆದರು. ಅಧ್ಯಕ್ಷರು ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಮೂರನೇ ಕ್ಲಾಸಿನ ಹುಡುಗಿಯ ಗಡಿಗೆ ನೋಡಿ ಶಾಲೆ ಕಟ್ಟಬೇಕೆ ಎಂದು ಒಬ್ಬ ಸದಸ್ಯ ನಕ್ಕ. ‘ಬಿಲ’ದ ಮಾತೂ ಬಂತು.

“ಹೌದು, ಅದು ನನ್ನ ತಪ್ಪು” ಎಂದೆ. “ಆಗ ಬಾಗಿಲು ಚೆಂದ ಕಾಣೂದು ಹೆಂಗ ಅಂತ ಯೋಚನೆ ಮಾಡಿದ್ದೆ. ಅದರಾಗ ಯಾರು ಹೋಗತಾರ ಅಂತ ಮಾಡಲಿಲ್ಲ. ಈ ಗಡಿಗಿ ತಂದಾಕಿ ಆ ಯೋಚನೆ ಮಾಡ್ಯಾಳ.”

“ಇಳೀವಾಗ ವಾಲಿದ್ರ ಯಾರು ಹೊಣಿ?” ಎಂದು ಅಧ್ಯಕ್ಷರು ಕೇಳಿದರು.

“ಸಹಿ ನಂದು” ಎಂದೆ. “ನಂದೂ” ಎಂದ ಪ್ರಭುರಾಜ.

ಆಗ ಬಾಗಿಲಲ್ಲಿ ಗುಸುಗುಸು ಎದ್ದಿತು. ಇಬ್ಬರು ಗೌಂಡಿಗಳ ಹೆಗಲ ಮೇಲೆ ಕೈಯಿಟ್ಟು ದುಂಡಪ್ಪ ಬರುತ್ತಿದ್ದ. ತನ್ನ ಮನೆಯ ಬಾಗಿಲನ್ನು ಎತ್ತಲು ಹಿಂದಿನ ದಿನ ತನ್ನ ಹಳೆಯ ಶಿಷ್ಯರಿಗೆ ಅವನೇ ಹೇಳಿಕಳಿಸಿದ್ದನಂತೆ. ಮೂರು ಗೇಣು ಒಂದೇ ದಿನ ಎತ್ತಿದ್ದರು. ಚೌಕಟ್ಟು ಏರುವಾಗ ಅವನು ಕಣ್ಣು ಮುಚ್ಚಿಕೊಂಡು ಕಸ್ತೂರಿಯ ಕೈ ಹಿಡಿದಿದ್ದನೆಂದು ಆಮೇಲೆ ಕೇಳಿದೆ. ಸಭೆಯ ನಡುವೆ ನಿಂತು, ಉಸಿರು ಸುಧಾರಿಸಿಕೊಂಡು, “ವಾಲೂದಿಲ್ರಿ, ತಾಯಿ” ಎಂದ. “ನಾ ನಿಂತು ಕಟ್ಟಸತೀನಿ.” ನಲವತ್ತು ವರ್ಷ ಆ ಊರಿನ ಬಾಗಿಲು ಎತ್ತಿದವನ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ.

ಏಳು ತಿಂಗಳಲ್ಲಿ ಹಳೆಯ ಶಾಲೆಯ ಅಂಗಳದಲ್ಲೇ ಹೊಸ ಶಾಲೆ ಎದ್ದಿತು. ದುಂಡಗಿನ ಕಟ್ಟಡ, ಎರಡು ಅಂತಸ್ತು, ಸುತ್ತಲೂ ಎರಡು ಪೂರ್ತಿ ಸುತ್ತು ಹಾದಿ. ಹಾದಿಯ ಅಂಚಿಗೆ ಮಕ್ಕಳ ಮೊಳಕ್ಕೆ ಸರಿಯಾಗಿ ಹಿಡಿಗೋಡೆ. ಕಿಟಕಿಗಳು ಮೂಗಿನ ಮಟ್ಟಕ್ಕೆ. ಅದು ಅವರದೇ ಅಳತೆ, ನಾವು ಒಂದು ಅಂಗುಲವೂ ಬದಲಿಸಲಿಲ್ಲ. ದುಂಡಪ್ಪ ದಿನಾ ಬಂದು ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಪ್ರತಿ ವರಸೆ ಇಟ್ಟಿಗೆಗೂ ಗದರಿದ.

ದೀಪಾವಳಿ ಮುಗಿಯಿತು. ಇಳಿಯುವ ಮಧ್ಯಾಹ್ನ ಊರವರೆಲ್ಲ ತಮ್ಮ ತಮ್ಮ ಮನೆ ಬಿಟ್ಟು ಶಾಲೆಯ ಮುಂದೆ ನೆರೆದಿದ್ದರು. ದುಂಡಪ್ಪ ಎರಡು ತೂಗುಗುಂಡುಗಳನ್ನು ಸೂರಿನಿಂದ ಇಳಿಬಿಟ್ಟು ಒಂದರ ಮುಂದೆ ತಾನು ನಿಂತ, ಇನ್ನೊಂದರ ಮುಂದೆ ಪ್ರಭುರಾಜನನ್ನು ನಿಲ್ಲಿಸಿದ. ದೂರದ ಯಾವುದೋ ಮನೆಯಲ್ಲಿ ಪಾತ್ರೆ ಸದ್ದಾಯಿತು. ಕಟ್ಟಡ ಉಸಿರು ಬಿಟ್ಟ ಹಾಗೆ ಒಂದು ಗೇಣು ಕೂತಿತು. ತೂಗುಗುಂಡುಗಳ ದಾರ ಗೋಡೆಗೆ ಸಮವಾಗಿಯೇ ಉಳಿಯಿತು. “ನೆಟ್ಟಗೈತಿ” ಎಂದ ದುಂಡಪ್ಪ. ಪ್ರಭುರಾಜನೂ ತಲೆಯಾಡಿಸಿದ. ಹಾದಿ ನೆಲವನ್ನು ಮುಟ್ಟುವ ಜಾಗ ಮೂರು ಮಾರು ಜರುಗಿ ಬೇವಿನ ಮರದ ಬಳಿಗೆ ಬಂದಿತ್ತು. ಮೌಲಾಸಾಬ್ ಮಾಸ್ತರರು ಮೊದಲು ಹತ್ತಿದರು, ಹಿಂದೆ ಮಕ್ಕಳು, ಅವರ ಹಿಂದೆ ಸಂತೆಪೇಟೆಯ ಓಣಿಯಲ್ಲಿ ಕಂಡಿದ್ದ ಆ ಬಾಣಂತಿ, ಕಂಕುಳಲ್ಲಿ ಈಗ ಒಂದು ವರ್ಷದ ಮಗು. ಇಳಿಯುವ ವಾರದಲ್ಲಿ ಶಾಲೆಗೆ ರಜೆ ಕೊಡದೇ ಇದ್ದದ್ದು ಊರಿನ ನೆನಪಿನಲ್ಲಿ ಅದೇ ಮೊದಲು. ಮಕ್ಕಳು ಅದಕ್ಕಾಗಿ ಕಸ್ತೂರಿಯನ್ನು ಸ್ವಲ್ಪ ಬೈದರು ಕೂಡ.

ಮಾರನೆಯ ದಿನ ಬೆಳಿಗ್ಗೆ ನಾನು ಪಾಠಕ್ಕೆ ಹೋದಾಗ ಮೇಲಿನ ಕೋಣೆಯಿಂದ ಕಿರುಚಾಟ ಕೇಳಿಸಿತು. ಹಾದಿಯುದ್ದಕ್ಕೂ ಓಡಿದೆ. ಕೋಣೆಯ ನಡುವೆ ಮೂರು ಆಡುಗಳು ನಿಂತಿದ್ದವು. ಬೇವಿನ ಸೊಪ್ಪು ತಿನ್ನುತ್ತ ಬಂದವು, ಹೊಸ ಜಾಗದಲ್ಲಿ ಹಾದಿ ಸಿಕ್ಕ ಮೇಲೆ ನೇರ ಮೇಲಕ್ಕೆ ಬಂದುಬಿಟ್ಟಿವೆ. ಮೆಟ್ಟಿಲಿಲ್ಲ, ಬಾಗಿಲಿಲ್ಲ, ಯಾರು ತಡೆಯಬೇಕು? ಒಂದು ಆಡು ನಾಲ್ಕನೇ ಕ್ಲಾಸಿನ ಹಾಜರಿ ಪುಸ್ತಕವನ್ನು ಅರ್ಧ ತಿಂದಿತ್ತು. ಮಕ್ಕಳು ಬೆಂಚಿನ ಮೇಲೆ ನಿಂತು ಕುಣಿಯುತ್ತಿದ್ದರು.

ಕಸ್ತೂರಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತಿದ್ದಳು.

“ಅಕ್ಕಾರ, ನಾವು ಎಲ್ಲಾರ್ದೂ ಅಳತೀ ತಗೊಂಡಿವಿ. ಆಡಿಂದು ತಗೊಳ್ಳಲಿಲ್ಲ.”

“ಈಗ ತಗೊಳ್ಳೋಣು” ಎಂದೆ. ದೊಡ್ಡ ಆಡಿನ ಎರಡೂ ಕಿವಿ ಹಿಡಿದು ನಿಂತೆ. ಅದು ನನ್ನ ಸೀರೆಯ ಸೆರಗನ್ನು ಜಗಿಯತೊಡಗಿತು. ಕಸ್ತೂರಿ ಕೂತು ಅದರ ಮುಂಗಾಲಿನ ಪಕ್ಕ ಕೈ ಅಗಲಿಸಿದಳು.

“ಎರಡ ಗೇಣು, ನಾಕ ಬೆರಳು” ಎಂದು ಕೂಗಿ ಹೇಳಿದಳು. “ಎಲ್ಲಾರೂ ಬರಕೋರಿ!”